ಕಲ್ಲು ಹಿಂಡುವ ಮೇಷ್ಟ್ರ ಮನೆ

ಪಕ್ಕದ ಮನೆಯ ಯಜಮಾನರು ಬೆಳಿಗ್ಗೆ ಕಚೇರಿಗೆ ಹೋಗುತ್ತಿದ್ದರು, ಸಂಜೆ ಬರುತ್ತಿದ್ದರು, ಅವರ ಮನೆಯಲ್ಲಿ ನಗುವಂಥದ್ದು ಏನೂ ನಡೆಯುತ್ತಿರಲಿಲ್ಲ. ನಮ್ಮಲ್ಲಿ ಮಾತ್ರ ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು.

ನಮ್ಮನೆಯವರು ಕಾಲೇಜಿನಲ್ಲಿ ಭೂವಿಜ್ಞಾನದ ಮೇಷ್ಟ್ರು. ಹಲಸೂರಿನ ನಮ್ಮ ಬಾಡಿಗೆ ಮನೆಯ ಹಿಂದೆ ಒಂದು ಶೆಡ್ಡು, ಅದರೊಳಗೆ ಗುಜರಿಯಿಂದ ತಂದು ಸರಿಮಾಡಿಸಿದ ದೊಡ್ಡ ಪ್ರೆಸ್ಸು. ಸಂಜೆ ಬಂದವರೇ ಹಸಿರು ಕಲ್ಲಿನ ಚೂರೊಂದನ್ನು ಅದರಲ್ಲಿಟ್ಟು, ಸುತ್ತ ತಂತಿ ಸುತ್ತಿ ಕಾಯಿಸುತ್ತಾ, ಒತ್ತುತ್ತಾ ಕೂರುತ್ತಿದ್ದರು. ಭೂಮಿಯ ಆಳದ ಶಾಖಕ್ಕೆ, ಭಾರಕ್ಕೆ ಕಲ್ಲು ಏನಾಗುತ್ತದೆ ಅಂತ ತಿಳಿಯಬೇಕಂತೆ.

ಆಗ ಎರಡನೇ ಮಹಾಯುದ್ಧದ ಕಾಲ. ಮಿಲಿಟರಿಗೆ ಕಂಬಳಿ ಒದಗಿಸುವ ಗುತ್ತಿಗೆದಾರನೊಬ್ಬ ಆ ಶೆಡ್ಡಿನ ಮೇಲೆ ಕಣ್ಣು ಹಾಕಿದ. ಮನೆಯ ಮಾಲೀಕರು ಹತ್ತಿ ವ್ಯಾಪಾರದ ಸಾಹೇಬರು, ಈಗ ಶಿವಾಜಿನಗರ ಅನ್ನುವ ಕಡೆ ಅವರ ಅಂಗಡಿ. "ಮೇಷ್ಟ್ರೇ, ಒಂದಿನ ಬಂದು ನೋಡ್ತೀನಿ. ಅಲ್ಲಿ ಏನಾದ್ರೂ ಕೆಲ್ಸ ಆಗ್ತಿದ್ರೆ ನಿಮ್ಗೇ ಇರ್ಲಿ. ಇಲ್ದಿದ್ರೆ ಅವ್ನಿಗೆ ಕೊಟ್ಬಿಡ್ತೀನಿ" ಅಂದರು. ಅಂದಿನಿಂದ ನಮ್ಮನೆಯವರಿಗೆ ಊಟ ಸೇರದು. ಆ ದೈತ್ಯ ಪ್ರೆಸ್ಸನ್ನು ಇಡಲು ಬೇರೆ ಜಾಗ ನಮಗೆಲ್ಲಿತ್ತು?

೧. ಕಲ್ಲೆಣ್ಣೆ

ಸಂಜೆ ಹಾಲು ತಂದಾಕೆ ಒಂದು ದಿನ ಶೆಡ್ಡಿಗೆ ಇಣುಕಿದಳು. ನಮ್ಮನೆಯವರು ಮೇಲೆ ಕಲ್ಲು ಇಡುತ್ತಿದ್ದಾರೆ, ಕೆಳಗೆ ಎಣ್ಣೆ ತೊಟ್ಟಿಕ್ಕುತ್ತಿದೆ. ಅದು ಪ್ರೆಸ್ಸಿನದೇ ಎಣ್ಣೆ, ಸೋರುತ್ತಿತ್ತು. ಆಕೆ ಅಷ್ಟು ನೋಡಿಕೊಂಡವಳೇ ಬೀದಿಗೆಲ್ಲ ಸುದ್ದಿ ಹಂಚಿದಳು.

ಬೆಳಿಗ್ಗೆ ಬಾಗಿಲು ತೆಗೆದರೆ ಗೇಟಿನ ತನಕ ಬಾಟಲಿ ಹಿಡಿದ ಜನ. ಸೀಮೆಎಣ್ಣೆಗೆ ಪರದಾಡುತ್ತಿದ್ದ ದಿನಗಳು ನೋಡಿ. "ಕಲ್ಲು ಹಿಂಡಿ ಎಣ್ಣೆ ತೆಗೀತಾರಂತಲ್ಲಮ್ಮ, ನಮಗೂ ಒಂದು ಬಾಟ್ಲಿ ಕೊಡಿ" ಅಂತ ಎಲ್ಲರದೂ ಒಂದೇ ರಾಗ. ನಮ್ಮನೆಯವರು ಹೊರಗೆ ಬಂದು, "ಕಲ್ಲಿಂದ ಎಣ್ಣೆ ಬರಲ್ಲ ಕಣ್ರಮ್ಮ, ನಾವೇ ಪ್ರೆಸ್ಸಿಗೆ ಎಣ್ಣೆ ಹಾಕ್ತೀವಿ" ಅಂತ ಸಮಾಧಾನವಾಗಿ ವಿವರಿಸಿದರು. ಎಲ್ಲರೂ ಗೊಣಗುತ್ತಾ ಹೊರಟರು. ಮುಂದಿದ್ದ ಅಜ್ಜಿ ಮಾತ್ರ ಕದಲಲಿಲ್ಲ.

"ಹಂಗಾದ್ರೆ ಸ್ವಾಮಿ, ಕಲ್ಲಿಗೆ ಸುರಿಯೋವಷ್ಟು ಎಣ್ಣೆ ನಿಮಗೆ ಯಾವ ಅಂಗಡೀಲಿ ಸಿಕ್ತು, ಅದನ್ನ ಹೇಳಿ" ಅಂದಳು.

೨. ಎದುರುಮನೆಯ ಉಂಗುರ

ಎದುರುಮನೆಯಾಕೆಗೆ ಅವರತ್ತೆ ಮದುವೆಯಲ್ಲಿ ಪಚ್ಚೆಯ ಉಂಗುರ ಹಾಕಿದ್ದರು. ಪಚ್ಚೆ ನಿಜವೋ ಸುಳ್ಳೋ ಅಂತ ಆಕೆಗೆ ಅನುಮಾನ. ನಮ್ಮನೆಯವರ ಹತ್ತಿರ ತಂದರು. ಇವರು ಭೂತಗನ್ನಡಿ ಹಿಡಿದು ನೋಡಿ, ಕಲ್ಲನ್ನು ಬಿಡಿಸಿ ನೀರಿನಲ್ಲಿ ತೂಗಿ, ಲಾಟರಿ ಹೊಡೆದವರ ಹಾಗೆ ಖುಷಿಪಟ್ಟರು.

"ಇದು ಪಚ್ಚೆ ಅಲ್ಲಮ್ಮ, ಆಲಿವೀನ್. ನಾನು ಶೆಡ್ಡಲ್ಲಿ ಒತ್ತುತ್ತೀನಲ್ಲ, ಅದೇ. ನಮ್ಮ ಕಾಲ ಕೆಳಗೆ ಮೈಲಿಗಟ್ಟಲೆ ಆಳದಲ್ಲಿ ಇದೇ ತುಂಬ್ಕೊಂಡಿದೆ."

ನಾನು ಕಣ್ಣು ಮಿಟುಕಿಸಿದೆ, ಕೆಮ್ಮಿದೆ. ಅವರಿಗೆಲ್ಲಿ ಗೊತ್ತಾಗಬೇಕು. ಆಕೆ ಉಂಗುರವನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದರು. ಆಮೇಲೆ ಎದುರುಮನೆಯಿಂದ ಪಾತ್ರೆ ಕುಕ್ಕುವ ಸದ್ದು ಕೇಳಿತು. ಮರುದಿನ ಆ ಅತ್ತೆಯೇ ನಮ್ಮ ಜಗಲಿ ಹತ್ತಿ ಬಂದಾಗ, ಇವತ್ತು ಮಂಗಳಾರತಿ ಖಂಡಿತ ಅಂದುಕೊಂಡೆ.

ಆಕೆ ನೆಟ್ಟಗೆ ಕೂತು ಕೇಳಿದರು: "ಮೇಷ್ಟ್ರೇ, ಅಷ್ಟು ಆಳದಲ್ಲಿರೋ ಕಲ್ಲನ್ನ ಸೊಸೆಗೆ ಅಂತ ತಂದು ಹಾಕಿದೀನಲ್ಲ, ಅದು ಕಮ್ಮಿನಾ? ಸ್ವಲ್ಪ ಅವಳಿಗೆ ಹೇಳಿ."

೩. ಹಲಸಿನ ಹಣ್ಣು

ಒಮ್ಮೆ ಊಟಕ್ಕೆ ಬಡಿಸುತ್ತಾ ನಾನೇ ಕೇಳಿದೆ. "ಏನ್ರೀ, ಭೂಮಿಯ ಆಳಕ್ಕೆ ಯಾರೂ ಇಳಿದು ನೋಡಿಲ್ಲ ಅಂತೀರ. ಕೆಳಗೆ ಕಲ್ಲು ಬೇರೆ ಥರ ಆಗಿದೆ ಅಂತ ಹೇಗೆ ಹೇಳ್ತೀರ?"

"ನೀನು ಹಲಸಿನ ಹಣ್ಣನ್ನ ಕೊಯ್ಯದೇನೇ ಬಡಿದು ನೋಡ್ತೀಯಲ್ಲ, ಹಾಗೆ. ಭೂಕಂಪ ಆದಾಗ ಭೂಮಿನ ಬಡಿದಂಗಾಗುತ್ತೆ. ಆ ನಡುಕ ಒಂದು ಆಳ ದಾಟಿದ ಮೇಲೆ ಇದ್ದಕ್ಕಿದ್ದಂತೆ ಜೋರಾಗಿ ಓಡುತ್ತೆ. ಅಲ್ಲಿ ಕಲ್ಲು ಒತ್ತೊತ್ತಾಗಿ ಕೂತಿರ್ಬೇಕು."

"ನಾನು ಬಡಿದು ತಂದ ಹಣ್ಣು ಎಷ್ಟೋ ಸಲ ಸಪ್ಪೆ ಇರುತ್ತಲ್ರೀ."

"ನಮ್ಮದೂ ಹಾಗೇ ಕಣೇ. ಅದಕ್ಕೇ ಆ ಶೆಡ್ಡು ಬೇಕು" ಅಂದರು. ಪಾಪ, ನಗುತ್ತಲೇ ಅಂದರು, ತಟ್ಟೆಯಲ್ಲಿ ಅನ್ನ ಹಾಗೇ ಇತ್ತು.

೪. ಸಾಹೇಬರು ಬಂದದ್ದು

ಕೊನೆಗೆ ಸಾಹೇಬರು ಬಂದರು, ಜೊತೆಗೆ ಗುತ್ತಿಗೆದಾರ. ಅವನು ಬಂದವನೇ ಗೋಡೆಯಿಂದ ಗೋಡೆಗೆ ಮೊಳ ಹಾಕತೊಡಗಿದ. ನಮ್ಮನೆಯವರು ಕಲ್ಲನ್ನು ಕಾಯಿಸಿ, ಒತ್ತಿ, ಆರಿಸಿ, ಹೊರಗೆ ತೆಗೆದು ಸಾಹೇಬರ ಅಂಗೈಗೆ ಹಾಕಿದರು.

"ಹೋದದ್ದೂ ಇದೇ, ಬಂದದ್ದೂ ಇದೇ" ಅಂದರು ಸಾಹೇಬರು.

ನಮ್ಮನೆಯವರು, "ನಿಮ್ಮ ಹತ್ತಿ ಬೇಲನ್ನೇ ನೋಡಿ. ಒತ್ತಿದ್ರೆ ಅದೇ ಹತ್ತಿ ಕಮ್ಮಿ ಜಾಗದಲ್ಲಿ ಕೂರುತ್ತೆ. ಕಟ್ಟದೇ ಬಿಟ್ರೆ?" ಅಂದರು.

"ಉಬ್ಕೊಳ್ಳುತ್ತೆ."

"ಕಲ್ಲೂ ಹಾಗೇ ಸಾಹೇಬ್ರೇ. ಒತ್ತಡ ತೆಗೆದ್ರೆ ಹಳೇ ರೂಪಕ್ಕೆ ಬಂದ್ಬಿಡಬಹುದು. ಒತ್ತಿ ಹಿಡಿದಾಗ್ಲೇ ಥಟ್ಟಂತ ತಣ್ಣಗೆ ಮಾಡಿದ್ರೆ ಅದೇ ಕಟ್ಟು ಹಾಕಿದಂಗೆ. ಭೂಮಿಯ ಭಾರದ ಮುಂದೆ ನನ್ನ ಪ್ರೆಸ್ಸು ಏನೇನೂ ಅಲ್ಲ, ಆದ್ರೂ ನೋಡ್ತಿದ್ದೀನಿ."

ಸಾಹೇಬರ ಕಣ್ಣರಳಿತು. ಸ್ಟೂಲು ಎಳೆದುಕೊಂಡು ಕೂತೇಬಿಟ್ಟರು. "ಇನ್ನೊಂದ್ಸಲ ಹಾಕಿ. ಇನ್ನೂ ಜಾಸ್ತಿ ಒತ್ತಿ."

ನಮ್ಮನೆಯವರಿಗೂ ಹುರುಪು ಬಂತು. ಒತ್ತಿದರು, ಇನ್ನೂ ಒತ್ತಿದರು. ಡಬ್ ಅಂತ ಒಂದು ಸದ್ದು. ಶೆಡ್ಡೆಲ್ಲ ಹೊಗೆ, ತಲೆಮೇಲೆ ಹೆಂಚಿನ ಪುಡಿ. ಬಾಂಬು ಬಿತ್ತು ಅಂತ ಗುತ್ತಿಗೆದಾರ ಬೀದಿಗೆ ಓಡಿ, ವಿಮಾನದಾಳಿಗೆ ಅಂತ ತೋಡಿದ್ದ ಹಳ್ಳಕ್ಕೆ ಹಾರಿದ. ಅದರಲ್ಲಿ ಮಳೆನೀರು ತುಂಬಿತ್ತು. ಎದ್ದು ಬಂದವನು ಅಲ್ಲಿಂದಲೇ ಕೂಗಿದ, "ಪುಕ್ಕಟೆ ಕೊಟ್ರೂ ಈ ಶೆಡ್ಡು ನನಗೆ ಬೇಡ."

ನಮ್ಮ ಕಥೆ ಮುಗಿಯಿತು ಅಂತ ನಾನು ಅಳುವುದೊಂದು ಬಾಕಿ. ಮೇಜಿನ ಕೆಳಗಿಂದ ಸಾಹೇಬರು ಮೆಲ್ಲಗೆ ತಲೆ ಹೊರಗೆ ಹಾಕಿದರು. ಗಡ್ಡದ ತುಂಬಾ ಮಸಿ.

"ಮೇಷ್ಟ್ರೇ, ಕಲ್ಲು ಬದಲಾಯ್ತಾ?"

"ನೋಡೋಣ ಅಂದ್ರೆ ಕಲ್ಲೇ ಇಲ್ಲ ಸಾಹೇಬ್ರೇ" ಅಂದರು ನಮ್ಮನೆಯವರು, ಸೂರಿನ ತೂತು ನೋಡುತ್ತಾ.

ಸಾಹೇಬರೂ ತೂತು ನೋಡಿದರು, ಬಟ್ಟೆ ಕೊಡವಿಕೊಂಡರು. "ಶೆಡ್ಡು ನಿಮ್ಗೇ ಇರ್ಲಿ. ಇನ್ನು ಇದಕ್ಕೆ ಬೇರೆ ಯಾರು ಬರ್ತಾರೆ? ಆದ್ರೆ ಕಲ್ಲು ಬದಲಾದ ದಿನ ಮೊದ್ಲು ನನಗೇ ತೋರಿಸ್ಬೇಕು" ಅಂದು ಬಾಗಿಲು ದಾಟಿದರು. ನಾಲ್ಕು ಹೆಜ್ಜೆ ಹೋಗಿ ಮತ್ತೆ ತಿರುಗಿದರು.

"ಇಲ್ಲಿಗೆ ಕರೀಬೇಡಿ. ಅಂಗಡಿಗೆ ತಗೊಂಡ್ಬನ್ನಿ."