ಮೇಸ್ತ್ರಿ ಬಿಗಿ ಮಾಡಿದ ಬೋಲ್ಟು

ಇಷ್ಟೆಲ್ಲ ರಗಳೆಗೂ ಕಾರಣ ಕಿರುಬೆರಳಷ್ಟು ದಪ್ಪದ ಒಂದು ಬೋಲ್ಟು.

ವ್ಯಾನಣ್ಣ ಬೆಳಿಗ್ಗೆ ಮಕ್ಕಳನ್ನು ಶಾಲೆಯ ಮುಂದೆ ಇಳಿಸುವಷ್ಟರಲ್ಲಿ ವ್ಯಾನಿನ ಮೂತಿಯಿಂದ ಬುಸ್ಸೆಂದು ಹಬೆ ಎದ್ದಿತು. ವ್ಯಾನಣ್ಣ ಎಂಬುದು ಆ ಮಕ್ಕಳೇ ಇಟ್ಟ ಹೆಸರು. ಈಗೀಗ ಹೆಂಡತಿಯೂ ಹಾಗೇ ಕರೆಯತೊಡಗಿದ್ದಳು. ಆ ವಾರದಲ್ಲಿ ಹಬೆ ಏಳುತ್ತಿದ್ದುದು ಮೂರನೇ ಸಲ. ಗೇಟಿನಲ್ಲಿ ನಿಂತಿದ್ದ ಹೆಡ್ ಮೇಡಂ ಅದನ್ನು ನೋಡಿಯೇ ಬಿಟ್ಟರು.

"ಮಧ್ಯಾಹ್ನ ಮೂರೂವರೆಗೆ ನಿಮ್ಮ ವ್ಯಾನು ರಿಪೇರಿಯಾಗಿ ಇಲ್ಲಿ ನಿಂತಿರಬೇಕು. ಇಲ್ಲಾಂದ್ರೆ ಮಕ್ಕಳನ್ನ ಬೇರೆಯವರ ನೀಲಿ ಬಸ್ಸಿಗೆ ಹತ್ತಿಸ್ತೀನಿ. ಇವತ್ತಿಗೆ ಮಾತ್ರ ಅಲ್ಲ, ಇನ್ಮುಂದೆ ಪೂರ್ತಿ."

ಆ ಹದಿನಾಲ್ಕು ಮಕ್ಕಳನ್ನು ನಂಬಿಕೊಂಡೇ ವ್ಯಾನಣ್ಣನ ಮನೆಯ ಒಲೆ ಉರಿಯುತ್ತಿತ್ತು. ಅವನು ತಲೆಯಾಡಿಸಿ, ವ್ಯಾನನ್ನು ತೆವಳಿಸಿಕೊಂಡು ಮೆಕ್ಯಾನಿಕ್ ಮೇಸ್ತ್ರಿಯ ಶೆಡ್ಡಿಗೆ ಬಂದ.

ಮೇಸ್ತ್ರಿ ತೀರಿಕೊಂಡು ತಿಂಗಳಾಗಿತ್ತು. ಇಪ್ಪತ್ತು ವರ್ಷದಿಂದ ಆ ವ್ಯಾನನ್ನು ಬೇರೆ ಯಾರ ಕೈಗೂ ಕೊಡದವನು ಆತ. ಒಂದು ಬೋಲ್ಟು ಬಿಗಿಯಾದ ಕೂಡಲೇ ಅದರ ತಲೆಯಿಂದ ಪಕ್ಕದ ಲೋಹದವರೆಗೆ ಕೆಂಪು ಬಣ್ಣದ ಒಂದು ಗೆರೆ ಎಳೆಯುತ್ತಿದ್ದ. ಬೋಲ್ಟು ಎಳ್ಳಷ್ಟು ತಿರುಗಿದರೂ ಗೆರೆ ಮುರಿದು ಗೊತ್ತಾಗಿಬಿಡುತ್ತಿತ್ತು. ಆಮೇಲೆ ಎಂಜಿನ್ನಿನ ಮೇಲೆ ಸ್ಪ್ಯಾನರಿನಿಂದ ಟಣ್, ಟಣ್, ಟಣ್ ಎಂದು ಮೂರು ಸಲ ಬಡಿದು, "ನಾನು ಬಿಗಿ ಮಾಡಿದ್ದನ್ನ ನಾನೇ ಬಿಚ್ಚಬೇಕು," ಎನ್ನುತ್ತಿದ್ದ. ಆಗ ಅದನ್ನು ಕೇಳಿ ಎಲ್ಲರೂ ನಗುತ್ತಿದ್ದರು.

ಮೇಸ್ತ್ರಿಯ ಹೆಂಡತಿ ಶೆಡ್ಡಿಗೆ ಅಂಟಿಕೊಂಡಿದ್ದ ಮನೆಯಿಂದ ಬಂದು ಕೀಲಿ ಕೊಟ್ಟಳು. ಒಳಗೆ ಗೋಡೆಯ ತುಂಬ ಸ್ಪ್ಯಾನರುಗಳು ನಂಬರಿನ ಪ್ರಕಾರ ಮೊಳೆಗಳಲ್ಲಿ ನೇತಾಡುತ್ತಿದ್ದವು. ಮೂಲೆಯಲ್ಲಿ ಮೇಸ್ತ್ರಿಯ ಖಾಕಿ ಅಂಗಿ ತೂಗುತ್ತಿತ್ತು. ಅದರ ಭುಜಗಳು ಒಳಗೆ ಯಾರೋ ಇರುವ ಹಾಗೆ ಇನ್ನೂ ಉಬ್ಬಿಕೊಂಡಿದ್ದವು. ವ್ಯಾನಣ್ಣ ಅಂಗಿಗೆ ಬೆನ್ನು ಹಾಕಿ ನಿಂತ. ಬೆನ್ನು ಹಾಕಿದ್ದು ಇನ್ನೂ ಕೆಟ್ಟದೆನಿಸಿ ಅದಕ್ಕೆ ಮುಖ ಮಾಡಿ ನಿಂತ.

ನೀರು ಸೋರುತ್ತಿದ್ದುದು ವಾಟರ್ ಪಂಪಿನಿಂದ. ನಾಲ್ಕು ಬೋಲ್ಟು ಬಿಚ್ಚಿ, ಪಂಪು ಇಳಿಸಿ, ಅದರ ಹಿಂದೆ ನೀರು ಸೋರದಂತೆ ಕೂರಿಸುವ ಗ್ಯಾಸ್ಕೆಟ್ ಬದಲಿಸಿದರೆ ಆಯಿತು. ಹೊಸ ಗ್ಯಾಸ್ಕೆಟ್ ಜೇಬಿನಲ್ಲೇ ಇತ್ತು. ಕೆಳಗಿನ ಬೋಲ್ಟು ನೋಡುವುದಕ್ಕೇ ತುಕ್ಕು ಹಿಡಿದಿತ್ತು; ಕಷ್ಟದ್ದು ಮೊದಲು ಮುಗಿಯಲೆಂದು ಅದಕ್ಕೇ ಹದಿಮೂರನೇ ನಂಬರಿನ ಸ್ಪ್ಯಾನರ್ ಹಾಕಿ, ಮೈಯ ಭಾರವನ್ನೆಲ್ಲ ಬಿಟ್ಟು ಜಗ್ಗಿದ. ಕೀರ್ ಎಂದು ಕಾಲು ಸುತ್ತು ತಿರುಗಿ ಬೋಲ್ಟು ನಿಂತಿತು. ಕೆಂಪು ಗೆರೆ ಮುರಿಯಿತು. ಇನ್ನು ಎಣ್ಣೆ ಬಿಡದೆ ಆಗದೆಂದು ಸ್ಪ್ಯಾನರನ್ನು ಮೊಳೆಗೆ ಸಿಕ್ಕಿಸಿ, ಎದುರಿನ ದರ್ಜಿಯ ಅಂಗಡಿಗೆ ನಡೆದ.

ದರ್ಜಿ ಹೊಲಿಗೆ ಯಂತ್ರದ ಎಣ್ಣೆಯ ಡಬ್ಬಿ ಹುಡುಕುತ್ತಿದ್ದ. ಆಗ ಶೆಡ್ಡಿನ ಕಡೆಯಿಂದ ಸದ್ದು ಬಂತು.

ಟಣ್, ಟಣ್, ಟಣ್.

ಇಬ್ಬರೂ ಮುಖ ಮುಖ ನೋಡಿಕೊಂಡರು. ಓಡಿ ಬಂದು ನೋಡಿದರೆ ಶೆಡ್ಡಿನಲ್ಲಿ ನರಪಿಳ್ಳೆ ಇರಲಿಲ್ಲ. ಹದಿಮೂರನೇ ನಂಬರಿನ ಸ್ಪ್ಯಾನರ್ ಮೊಳೆಯಲ್ಲಿ ಮೆಲ್ಲಗೆ ತೂಗಾಡುತ್ತಿತ್ತು, ಗಾಳಿ ಇರಲಿಲ್ಲ. ಬೋಲ್ಟಿನ ಕೆಂಪು ಗೆರೆ ಒಂದು ಕೂದಲಿನಷ್ಟೂ ಆಚೀಚೆ ಆಗದೆ ಮತ್ತೆ ಕೂಡಿಕೊಂಡಿತ್ತು.

"ಅಣ್ಣ, ನೀನು ನಿಜವಾಗ್ಲೂ ಬಿಚ್ಚಿದ್ಯಾ?" ಎಂದ ದರ್ಜಿ.

"ಬಿಚ್ಚಿದೆ ಕಣೋ! ನೋಡು, ಬೆವರು ಇನ್ನೂ ಆರಿಲ್ಲ!"

ಅಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಬಂದರು. ಎಲ್ಲಿ ಇಬ್ಬರು ಸೇರಿದರೂ ಮೂರನೆಯವರಾಗುವುದು ಅವರ ಅಭ್ಯಾಸ. "ಭ್ರಮೆ ಕಣಯ್ಯಾ. ಹಸಿದ ಹೊಟ್ಟೇಲಿ ಕೆಲಸ ಮಾಡಿದ್ರೆ ಹೀಗೇ ಆಗೋದು. ಮತ್ತೆ ಬಿಚ್ಚು, ನಾನು ಸಾಕ್ಷಿ ಇರ್ತೀನಿ," ಎಂದರು.

ಮೇಸ್ತ್ರಿಯ ಹೆಂಡತಿ ಮನೆಗೆ ಬೀಗ ಹಾಕಿ, ಕೊಡೆ ಹಿಡಿದು ಹೊರಟವಳು, "ಡಾಕ್ಟರಿಗೆ ಮಂಡಿ ತೋರಿಸ್ಕೊಂಡು ಬರ್ತೀನಿ ಕಣಪ್ಪ," ಎಂದು ಹೇಳಿ ಹೋದಳು.

ಎಣ್ಣೆ ಬಿಟ್ಟು ಜಗ್ಗಿದಾಗ ಬೋಲ್ಟು ಅರ್ಧ ಸುತ್ತು ಬಂತು. ಅದರ ಜೊತೆಗೆ ಸ್ಪ್ಯಾನರ್ ಜಾರಿ ವ್ಯಾನಣ್ಣನ ಬೆರಳ ಗಿಣ್ಣುಗಳ ಚರ್ಮವೂ ಕಿತ್ತು ಬಂತು. ಮೂವರೂ ರಸ್ತೆಯ ನಲ್ಲಿಗೆ ಹೋದರು. ಒಬ್ಬನ ಕೈ ತೊಳೆಯಲು ಇನ್ನಿಬ್ಬರು ಯಾಕೆ ಎಂದರೆ, ಶೆಡ್ಡಿನಲ್ಲಿ ಉಳಿಯಲು ಆ ಇಬ್ಬರಿಗೂ ಧೈರ್ಯವಿರಲಿಲ್ಲ.

ಟಣ್, ಟಣ್, ಟಣ್.

ಮೇಷ್ಟ್ರ ಕೈಯಿಂದ ಚೊಂಬು ಬಿತ್ತು. ಹಿಂದಿರುಗಿ ನೋಡಿದರೆ ಗೆರೆ ಕೂಡಿಕೊಂಡಿತ್ತು. ಮೂಲೆಯ ಖಾಕಿ ಅಂಗಿಯ ಒಂದು ತೋಳು ಮೊಣಕೈವರೆಗೆ ಮಡಿಸಿಕೊಂಡಿತ್ತು. ಮೊದಲೇ ಹಾಗಿತ್ತೋ ಇಲ್ಲವೋ ಎಂದು ಯಾರಿಗೂ ನೆನಪಾಗಲಿಲ್ಲ, ನೆನಪು ಮಾಡಿಕೊಳ್ಳಲು ಯಾರೂ ಇಷ್ಟಪಡಲೂ ಇಲ್ಲ.

ಗಂಟೆ ಹನ್ನೆರಡೂವರೆ. ವ್ಯಾನಣ್ಣನಿಗೆ ಭಯಕ್ಕಿಂತ ಅಳು ಹೆಚ್ಚಾಗಿ ಬಂತು. ಮೂರನೇ ಸಲ ಅರ್ಧ ಸುತ್ತು ಬಿಚ್ಚಿ, ಯಾವುದಕ್ಕೂ ಇರಲಿ ಎಂದು ರಸ್ತೆಗೆ ಬಂದು ಹೆಡ್ ಮೇಡಂಗೆ ಫೋನು ಮಾಡಿದ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಅವನು ಅಲ್ಲಿ ಒಂದೇ ಒಂದು ಸುಳ್ಳು ಹೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

"ಮೇಡಂ, ಸ್ವಲ್ಪ ತಡ ಆಗಬಹುದು. ನಾನು ಬೋಲ್ಟು ಬಿಚ್ಚಿದಷ್ಟೂ ಸತ್ತ ಮೇಸ್ತ್ರಿ ಬಂದು ಬಿಗಿ ಮಾಡ್ತಿದಾರೆ."

"ಮೂರೂವರೆ," ಎಂದಷ್ಟೇ ಹೇಳಿ ಮೇಡಂ ಫೋನಿಟ್ಟರು. ಅದರ ಹಿಂದೆಯೇ ಶೆಡ್ಡಿನಿಂದ ಟಣ್, ಟಣ್, ಟಣ್ ಎಂದಿತು.

ವ್ಯಾನಣ್ಣನಿಗೆ ಎಲ್ಲಿಂದ ಸಿಟ್ಟು ಬಂತೋ, ಒಳಗೆ ನುಗ್ಗಿ, ಸ್ಪ್ಯಾನರಿನ ಹಿಡಿಗೆ ಒಂದಾಳುದ್ದದ ಪೈಪು ತೂರಿಸಿ, "ಮೇಸ್ತ್ರಿ, ನೀವೋ ನಾನೋ!" ಎಂದು ಜೋತುಬಿದ್ದ. ಫಟ್ ಎಂದಿತು. ಬೋಲ್ಟಿನ ತಲೆ ಹಾರಿ ದರ್ಜಿಯ ಕಾಲ ಬಳಿ ಬಿತ್ತು. ಮಿಕ್ಕ ಮೈ ಎಂಜಿನ್ನಿನೊಳಗೇ ಉಳಿಯಿತು.

ದರ್ಜಿ ಆ ತಲೆಯನ್ನು ಎತ್ತಿ ವ್ಯಾನಣ್ಣನ ಕೈಗೆ ಕೊಟ್ಟ. ಮೇಷ್ಟ್ರು ಪಿಸುಗುಟ್ಟಿದರು: "ಇನ್ನೊಂದು ಬೋಲ್ಟು ಸಡಿಲ ಮಾಡಿಡು. ಡ್ರಮ್ಮಿನ ಹಿಂದೆ ಅಡಗಿ ನೋಡೋಣ. ಇಲಿ ಹಿಡಿಯೋಕೆ ತಿಂಡಿ ಇಡಲ್ವಾ, ಹಾಗೆ."

ಬೋಲ್ಟು ಸಡಿಲಿಸಿ, ಸ್ಪ್ಯಾನರನ್ನು ಮೊಳೆಗೆ ಸಿಕ್ಕಿಸಿ ಅಡಗಿದರು. ಹೆಚ್ಚು ಹೊತ್ತು ಕಾಯಬೇಕಾಗಲಿಲ್ಲ. ಟೈರುಗಳ ರಾಶಿಯ ಹಿಂದಿನ ಗೋಡೆ ಸದ್ದಿಲ್ಲದೆ ತೆರೆದುಕೊಂಡಿತು. ಕತ್ತಲಿನಿಂದ ಒಂದು ಕೈ ಬಂದು ಮೊಳೆಯಿಂದ ಸ್ಪ್ಯಾನರ್ ತೆಗೆದುಕೊಂಡಿತು. ದರ್ಜಿ ಮೇಷ್ಟ್ರನ್ನು ತಬ್ಬಿಕೊಂಡ, ಮೇಷ್ಟ್ರು ಡ್ರಮ್ಮನ್ನು ತಬ್ಬಿಕೊಂಡರು. ಡ್ರಮ್ಮು ಉರುಳಿತು.

"ಅಯ್ಯೋ, ಯಾರದು!" ಎಂದು ಚೀರಿದ್ದು ಮೇಸ್ತ್ರಿಯ ಹೆಂಡತಿ. ಗೋಡೆ ಎಂದುಕೊಂಡದ್ದು ಅವಳ ಅಡುಗೆಮನೆಯ ಬಾಗಿಲು.

"ಅಕ್ಕಾ, ನೀವಾ? ಯಾಕಕ್ಕಾ ಹೀಗೆ ನನ್ನ ಹೊಟ್ಟೆ ಮೇಲೆ ಹೊಡೀತೀರಿ?"

ಅವಳು ಸ್ಪ್ಯಾನರನ್ನು ಸೆರಗಿನಲ್ಲಿ ಒರೆಸುತ್ತ ನಿಂತಳು. "ಆರು ವರ್ಷದಿಂದ ಅವರ ಕೈ ನಡುಗ್ತಿತ್ತು ಕಣಪ್ಪ. ಬಿಗಿ ಮಾಡ್ತಿದ್ದವಳು ನಾನೇ. ಗೆರೆ ಮಾತ್ರ ಅವರು ಎಳೀತಿದ್ರು. ನಿನ್ನ ವ್ಯಾನಿಂದೇ ಕೊನೇ ಗೆರೆ. ಅದು ಮುರಿದಿದ್ದು ಕಂಡು ನನ್ನ ಕೈ ನಿಲ್ಲಲಿಲ್ಲ."

ವ್ಯಾನಣ್ಣ ಬೋಲ್ಟಿನ ಮುರಿದ ತಲೆಯನ್ನು ಅವಳ ಅಂಗೈಯಲ್ಲಿಟ್ಟ. ಅವಳು ಅದರ ಮೇಲೆ ಉಳಿದಿದ್ದ ಅರ್ಧ ಗೆರೆಯನ್ನು ನೋಡಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಸರಿ, ಜರುಗು," ಎಂದಳು.

ಮುಂದಿನದನ್ನು ಮೂವರು ಗಂಡಸರೂ ಬಾಯಿ ಬಿಟ್ಟುಕೊಂಡು ನೋಡಿದರು. ಉಳಿದ ಮೂರು ಬೋಲ್ಟು ಬಿಚ್ಚಿ ಪಂಪು ಇಳಿಸಿದಳು. ಹೊರಗೆ ಚಾಚಿದ್ದ ಮುರುಕು ತುಂಡಿನ ಮೇಲೆ ಒಂದು ನಟ್ಟು ಕೂರಿಸಿ ವೆಲ್ಡಿಂಗ್ ಮಾಡಿದಳು. ಅದು ಬಿಸಿಯಾಗಿರುವಾಗಲೇ ಬುಡಕ್ಕೆ ಮೇಣದ ಬತ್ತಿ ತಾಗಿಸಿದಳು. ಮೇಣ ಕರಗಿ ತುಂಡಿನ ಸುತ್ತಿನ ಸಂದಿಯೊಳಗೆ ಇಳಿಯಿತು. ಆಮೇಲೆ ಸ್ಪ್ಯಾನರ್ ಹಾಕಿ ಮೊದಲು ಚೂರು ಬಿಗಿ ಮಾಡಿ, ಆಮೇಲೆ ಚೂರು ಬಿಚ್ಚಿ, ಮತ್ತೆ ಬಿಗಿ, ಮತ್ತೆ ಬಿಚ್ಚು. "ಜಗ್ಗಾಡಿದ್ರೆ ಮುರಿಯುತ್ತೆ. ಸಮಾಧಾನ ಮಾಡಿ ಕರೀಬೇಕು," ಎಂದಳು. ಎರಡೂವರೆಗೆ ತುಂಡು ಹೊರಗೆ ಬಂತು. ಮೂರಕ್ಕೆ ಹೊಸ ಗ್ಯಾಸ್ಕೆಟ್, ಹೊಸ ಬೋಲ್ಟು ಎಲ್ಲ ಕೂತು, ಒಂದು ಹನಿ ನೀರೂ ಸೋರದೆ ಎಂಜಿನ್ ಶುರುವಾಯಿತು.

"ಅಕ್ಕ, ನೀವೂ ಬನ್ನಿ. ದೆವ್ವ ಅಂತ ಮೇಡಂಗೆ ಫೋನಲ್ಲಿ ಹೇಳ್ಬಿಟ್ಟಿದೀನಿ. ಅದು ನೀವು ಅಂತ ಒಂದು ಮಾತು ಹೇಳಿದ್ರೆ ಸಾಕು."

ಮೂರು ಇಪ್ಪತ್ತೈದಕ್ಕೆ ವ್ಯಾನು ಗೇಟಿನ ಮುಂದೆ ನಿಂತಿತು. ಅದರ ಪಕ್ಕದಲ್ಲಿ ನೀಲಿ ಬಸ್ಸೂ ನಿಂತಿತ್ತು. ಮೇಡಂ ಎರಡರ ನಡುವೆ ನಿಂತಿದ್ದರು.

"ದೆವ್ವ ಗಿವ್ವ ನಾನು ನಂಬಲ್ಲ. ಆದ್ರೆ ಮಕ್ಕಳ ತಂದೆತಾಯಿಗೆ ಏನಂತ ಹೇಳಲಿ?"

"ಇವರೇ ಹೇಳ್ತಾರೆ ಮೇಡಂ. ಬಿಗಿ ಮಾಡಿದ್ದು ಇವರು."

"ಹೌದು ತಾಯಿ, ನಾನೇ," ಎಂದಳು ಮೇಸ್ತ್ರಿಯ ಹೆಂಡತಿ. ಮೇಡಂ ಮುಖ ಸಡಿಲವಾಯಿತು. ಮೊದಲ ಹುಡುಗಿ ವ್ಯಾನಿನ ಮೆಟ್ಟಿಲ ಮೇಲೆ ಕಾಲಿಟ್ಟಳು. ವ್ಯಾನಣ್ಣ ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿದುಹೋಗುತ್ತಿತ್ತು. ಆದರೆ ಖುಷಿ ಅವನ ಬಾಯಿ ಬಿಡಿಸಿತು.

"ಮೂರು ಸಲ ಮೇಡಂ! ಮೂರು ಸಲವೂ ಇವರೇ ಬಿಗಿ ಮಾಡಿ, ಟಣ್ ಟಣ್ ಟಣ್ ಅಂತ ಬಡಿದು ಹೆದರಿಸಿದಾರೆ!"

"ಮೂರೆಲ್ಲಿ ಬಂತು? ಎರಡೇ ಸಲ," ಎಂದಳು ಅವಳು. "ಮಧ್ಯದಲ್ಲಿ ನಾನು ಮಂಡಿ ತೋರಿಸೋಕೆ ಹೋಗಿರಲಿಲ್ವಾ? ಮನೆಗೆ ಬೀಗ ಹಾಕಿದ್ದೆ, ನೀನೇ ನೋಡಿದೆಯಲ್ಲ. ಬಡಿದಿದ್ದಂತೂ ಒಂದು ಸಲಾನೂ ನಾನಲ್ಲ. ಬಡಿಯೋದು ಅವರ ಚಟ."

ಹುಡುಗಿಯ ಕಾಲು ಮೆಟ್ಟಿಲಿನಿಂದ ಕೆಳಗಿಳಿಯಿತು. ಆಗಲೇ ಬಾನೆಟ್ಟಿನ ಒಳಗಿನಿಂದ ಕೇಳಿಸಿತು.

ಟಣ್, ಟಣ್, ಟಣ್.

"ಬಿಸಿ ಎಂಜಿನ್ ಮೇಡಂ! ಆರುವಾಗ ಹೀಗೆ ಸದ್ದು ಬರುತ್ತೆ!" ಎಂದು ವ್ಯಾನಣ್ಣ ಕೂಗಿದ. ಅದು ನಿಜವೂ ಇರಬಹುದಿತ್ತು. ಆದರೆ ಮೇಸ್ತ್ರಿಯ ಹೆಂಡತಿ ಆಗಲೇ ಬಾನೆಟ್ಟಿನ ಮೇಲೆ ಕೈಯಿಟ್ಟು, ಮನೆಯಲ್ಲಿ ಗದರುವ ದನಿಯಲ್ಲೇ ಹೇಳಿದ್ದಳು:

"ಸಾಕು, ಸುಮ್ನಿರ್ರೀ. ಬಿಗಿಯಾಗೇ ಇದೆ."

ಸದ್ದು ನಿಂತಿತು. ಹದಿನಾಲ್ಕು ಮಕ್ಕಳೂ, ಅವರ ಹಿಂದೆ ಮೇಡಂ ಕೂಡ, ನೀಲಿ ಬಸ್ಸು ಹತ್ತಿದರು.

ವಾಪಸ್ಸಿನ ದಾರಿಯಲ್ಲಿ ಮೇಸ್ತ್ರಿಯ ಹೆಂಡತಿ ಮುಂದಿನ ಸೀಟಿನಲ್ಲಿ ಅವನ ಪಕ್ಕದಲ್ಲೇ ಕೂತಿದ್ದಳು. ಹಿಂದಿನ ಸೀಟುಗಳೆಲ್ಲ ಖಾಲಿ ಎಂದೇ ವ್ಯಾನಣ್ಣ ತಿಳಿದುಕೊಂಡ. ತಿರುಗಿ ಮಾತ್ರ ನೋಡಲಿಲ್ಲ.