ಲಿನಕ್ಸಿಗೆ ನಡೀತೈತೇನ್ರಿ?

ಯಲಬುರ್ಗಾದಲ್ಲಿ ನಮ್ಮ ಅಕ್ಕ ಮನೆಗಳ ನಕ್ಷೆ ಬರೆಯುತ್ತಾಳೆ. ಅವಳ ಕಂಪ್ಯೂಟರಿನಿಂದ ವಿಂಡೋಸ್ ತೆಗೆದು ಲಿನಕ್ಸ್ ಹಾಕಿಕೊಟ್ಟ ಮಹಾಪುರುಷ ನಾನು. ಪರದೆಯ ಮೇಲೆ ಮನೆಯನ್ನು ಸುತ್ತ ತಿರುಗಿಸಿ ತೋರಿಸಬೇಕೆಂದರೆ ಅದು ಗಾಣದ ಮುದಿ ಎತ್ತಿನಂತೆ ತಿರುಗುತ್ತಿತ್ತು. ಮರುದಿನ ನಾಲ್ಕಕ್ಕೆ, ಮನೆ ಕಟ್ಟಿಸಲಿದ್ದ ಒಬ್ಬ ಮಾಸ್ತರರು ನಕ್ಷೆ ನೋಡಲು ಬರುವವರಿದ್ದರು. ಅಕ್ಕ ಸ್ವಂತವಾಗಿ ಹಿಡಿದ ಮೊದಲ ಮನೆ. ಅವರು ಒಪ್ಪದಿದ್ದರೆ ಕೆಲಸ ಬೇರೆಯವರ ಪಾಲು.

“ಗ್ರಾಫಿಕ್ಸ್ ಕಾರ್ಡ್ ಹಾಕಿದ್ರ ಬುಗುರಿ ತಿರುಗಿದಂಗ ತಿರುಗತೈತಿ” ಎಂದು ಘೋಷಿಸಿ ಗಂಗಾವತಿಯ ಬಸ್ ಹತ್ತಿದೆ.

ಅಂಗಡಿಯಲ್ಲಿ ಎರಡು ಫ್ಯಾನಿನ ಕಾರ್ಡೊಂದು ನನ್ನನ್ನು ನೋಡಿ ನಕ್ಕಿತು. ಎಷ್ಟು ಹಳೆಯ ಮಾಡೆಲ್, ಅದನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶ ಲಿನಕ್ಸಿಗೆ ಇದೆಯೇ ಎಂಬ ಕ್ಷುಲ್ಲಕ ವಿಚಾರಗಳಿಗೆ ಹೋಗದೆ ನೇರವಾಗಿ ಕೇಳಿದೆ:

“ಅಣ್ಣಾರ, ಲಿನಕ್ಸಿಗೆ ನಡೀತೈತೇನ್ರಿ?”

“ನಡೀತೈತ್ರಿ!”

ನಮ್ಮ ಕಡೆ ಚಹಾಕ್ಕೆ ಸಕ್ಕರೆ ಇಲ್ಲದಿದ್ದರೂ ನಡೀತೈತಿ, ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲದಿದ್ದರೂ ನಡೀತೈತಿ. ಅದು ಉತ್ತರಕ್ಕಿಂತ ಹೆಚ್ಚಾಗಿ ಎದುರಿನವರನ್ನು ನೋಯಿಸದಿರುವ ಒಂದು ದಾರಿ. ಕಾರ್ಡು ಕೊಂಡು ಬಸ್ಸಿನಲ್ಲಿ ಮರಳುವಾಗ ಅಂಗಡಿಯವರ ಆ ರಾಗವನ್ನು ದಾರಿಯುದ್ದಕ್ಕೂ ಅಣಕಿಸಿ ಪಕ್ಕದವರನ್ನು ನಗಿಸಿದೆ. ರಾಗ ಪಕ್ಕಾ ಬಂತು. ಅರ್ಥ ಮಾತ್ರ ತಲೆಗೆ ಹೋಗಲಿಲ್ಲ.

ಮರುದಿನ ಮಧ್ಯಾಹ್ನ ಕಾರ್ಡು ಕೂರಿಸಿದೆ. ಫ್ಯಾನುಗಳು ಭರ್ರೆಂದವು, ಮನೆ ಮೊದಲಿನಂತೆಯೇ ತೆವಳಿತು. ಅಂತರ್ಜಾಲದಲ್ಲಿ ಯಾರೋ ಬರೆದಿದ್ದ ನಾಲ್ಕು ಆಜ್ಞೆಗಳನ್ನು ಓದದೇ ಅಂಟಿಸಿದೆ. ಪರದೆ ಕಪ್ಪಾಯಿತು. ಹೆದರಿ ಕಾರ್ಡು ಕಿತ್ತೆ. ಆಗಲೂ ಕಪ್ಪೇ!

“ಮೂರು ಹೊಡೀತು,” ಎಂದಳು ಅಕ್ಕ. “ಮಾಸ್ತರಿಗೆ ಈ ಕರಿ ಹಲಿಗಿ ತೋರಸ್ಲೇನು? ಅವ್ರ ಸಾಲ್ಯಾಗ ಇಂಥಾವು ಭಾಳ ಅದಾವ!”

ಹೊರಗೆ ಹೋಗಿ ಅಂಗಡಿಗೆ ಫೋನ್ ಹಚ್ಚಿದೆ.

“ಹಳೇ ಮಾಡೆಲ್ರಿ ಅದು. ಹೊಸಾ ಲಿನಕ್ಸಿಗೆ ಅದರ ಡ್ರೈವರ್ ಬರೂದಿಲ್ಲ.”

“ನಿನ್ನೆ ನಡೀತೈತಿ ಅಂದ್ರಲ್ರೀ?”

“ನೀವು ಅಷ್ಟು ಆಸೆಲೆ ಕೇಳಿದ್ರಿ, ಇಲ್ಲ ಅಂತ ಹ್ಯಾಂಗ ಅನ್ಲಿ? ವಾಪಸ್ ತರ್ರಿ, ಬದಲಿ ಕೊಡ್ತೀನಿ. ಡಬ್ಬಿ ಮಾತ್ರ ಹರದಿರಬಾರದು ನೋಡ್ರಿ.”

ಒಳಗೆ ಬಂದೆ. ಅಕ್ಕನ ಕೈಯಲ್ಲಿ ಕತ್ತರಿ. ಕಾರ್ಡಿನ ಡಬ್ಬಿಗೆ ಆಗಲೇ ಪಡಸಾಲೆ, ಅಡುಗೆಮನೆ, ಎರಡು ಬಾಗಿಲು ಬಂದಿದ್ದವು!

ನಾಲ್ಕಕ್ಕೆ ಬಂದ ಮಾಸ್ತರರು ಆ ರಟ್ಟಿನ ಮನೆಯನ್ನು ಅಂಗೈ ಮೇಲಿಟ್ಟು ಸುತ್ತ ತಿರುಗಿಸಿದರು, ಒಳಗೆ ಇಣುಕಿದರು.

“ದೇವರ ಮನಿಗೆ ಬೆಳಕಿಲ್ಲಲ್ಲವಾ.”

ಅಕ್ಕ ಕತ್ತರಿಯಿಂದ ಅಲ್ಲೇ ಒಂದು ಕಿಟಕಿ ತೆರೆದಳು.

“ಈಗ ಛಲೋ ಆತು. ಇದನ್ನ ಕಟ್ಟೂಣು,” ಎಂದರು ಮಾಸ್ತರರು. ಆಮೇಲೆ ನನ್ನ ಕಡೆ ತಿರುಗಿ, “ಈ ತಮ್ಮ ಏನು ಕೆಲಸ ಮಾಡ್ತಾನವಾ?”

“ಗಂಗಾವತಿಯಿಂದ ರಟ್ಟು ತಂದು ಕೊಡ್ತಾನ್ರೀ.”

ಅಲ್ಲಗಳೆಯೋಣವೆಂದರೆ, ಕೈಯಲ್ಲಿ ಡಬ್ಬಿಯಿಲ್ಲದ ಕಾರ್ಡು ಹಿಡಿದೇ ನಿಂತಿದ್ದೆ.