ಹಾಲು ಕರೆಯುವ ಹೊತ್ತಿಗೆ ಶುರುವಾದ ಕಬಡ್ಡಿಯ ಬಗ್ಗೆ ಸಮಜಾಯಿಷಿ

ಇವರಿಗೆ,
ಮಾನ್ಯ ಅಧ್ಯಕ್ಷರು,
ಜಿಲ್ಲಾ ಕಬಡ್ಡಿ ಪ್ರೋತ್ಸಾಹ ಮತ್ತು ಪ್ರೇಕ್ಷಕ ಸಂವರ್ಧನಾ ಸಮಿತಿ,
ಹಾಸನ.

ಮಾನ್ಯರೇ,

ತಮಗೂ, ತಮ್ಮ ಗೌರವಾಧ್ಯಕ್ಷರಿಗೂ, ಕಾರ್ಯಾಧ್ಯಕ್ಷರಿಗೂ, ಉಪಾಧ್ಯಕ್ಷರುಗಳಿಗೂ, ಹೆಸರು ಬಿಟ್ಟುಹೋದರೆ ವರ್ಷವಿಡೀ ಮಾತು ಬಿಡುವ ಇನ್ನುಳಿದ ಸಮಸ್ತ ಪದಾಧಿಕಾರಿಗಳಿಗೂ ನುಗ್ಗೇಹಳ್ಳಿ ಹೋಬಳಿಯ ದ್ಯಾವಯ್ಯನ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂದು ಬರೆದಿದ್ದೇನೆಯೇ ಹೊರತು ಹಾಕಿಲ್ಲ, ಮಂಡಿನೋವು.

ಈ ಕಾಗದ ನಾನಾಗಿ ಬರೆಯುತ್ತಿರುವುದಲ್ಲ, ತಾವು ಬರೆಸುತ್ತಿರುವುದು. ನಾಲ್ಕನೇ ಕ್ಲಾಸಿಗೆ ಮೇಷ್ಟ್ರಿಗೆ ಕೈಮುಗಿದು ಎಮ್ಮೆಯ ಬಾಲ ಹಿಡಿದು ಹೋದವನು ನಾನು. ಅಲ್ಲಿಂದ ಈಚೆಗೆ ಪೆನ್ನು ಹಿಡಿದಿದ್ದರೆ ಸೊಸೈಟಿಯಲ್ಲಿ ರುಜು ಹಾಕುವುದಕ್ಕೆ, ಅದೂ ಅಲ್ಲಿಯವರು ಬೆರಳಿಟ್ಟು ತೋರಿಸಿದ ಜಾಗದಲ್ಲಿ. ಅಂಥವನಿಗೆ ತಾವು, ನುಗ್ಗೇಹಳ್ಳಿಯಲ್ಲಿ ನಡೆದ ಹೆಣ್ಣುಮಕ್ಕಳ ಕಬಡ್ಡಿ ಪಂದ್ಯಕ್ಕೆ ಪ್ರೇಕ್ಷಕರು ಏಕೆ ಬರಲಿಲ್ಲ ಎಂಬ ಬಗ್ಗೆ ಸ್ವಹಸ್ತಾಕ್ಷರದಲ್ಲಿ ವಿವರವಾದ ಸಮಜಾಯಿಷಿ ಕೊಡತಕ್ಕದ್ದು ಎಂದು ನೋಟೀಸು ಕಳಿಸಿದ್ದೀರಿ. ನನ್ನ ಮೊಮ್ಮಗಳು ತೇಜಶ್ರೀ, ಅಂದರೆ ತಮ್ಮದೇ ಜಿಲ್ಲಾ ತಂಡದ ರೈಡರು, "ತಾತ, ನೀನ್ ಹೇಳು, ನಾನು ಫೋನಲ್ಲೇ ಟೈಪ್ ಮಾಡ್ಕೊಡ್ತೀನಿ" ಎಂದಳು. ಬೇಡವೆಂದೆ. ಸ್ವಹಸ್ತ ಕೇಳಿದ್ದೀರಿ, ಸ್ವಹಸ್ತವನ್ನೇ ಅನುಭವಿಸಿ. ಅಕ್ಷರ ಓದಲಾಗದಿದ್ದರೆ ಕಷ್ಟಪಡಬೇಡಿ. ಇದರ ನಕಲನ್ನು ನಮ್ಮೂರ ಡೇರಿಯ ಗೋಡೆಗೂ ಹಿರೀಸಾವೆಯ ಹೆದ್ದಾರಿ ಪಕ್ಕದ ಟೀ ಹೋಟೆಲಿಗೂ ಅಂಟಿಸಲಿದ್ದೇನೆ. ಅಲ್ಲಿ ಯಾರಾದರೂ ಪುಣ್ಯಾತ್ಮರು ಜೋರಾಗಿ ಓದಿ ಹೇಳುತ್ತಾರೆ.

ನನ್ನನ್ನು ತಾವು 'ಹೋಬಳಿ ಪ್ರೇಕ್ಷಕ ಸಂಚಾಲಕ' ಎಂದು ನೇಮಿಸಿ ಕೊರಳಿಗೆ ಟ್ಯಾಗು ಹಾಕಿದ ದಿನದಿಂದಲೇ ಶುರುಮಾಡುತ್ತೇನೆ. ಅಂಥ ಟ್ಯಾಗು ಅದಕ್ಕೂ ಮುಂಚೆ ನಮ್ಮ ಮನೆಯಲ್ಲಿ ಸೀಮೆಹಸುವಿನ ಕಿವಿಗೆ ಮಾತ್ರ ಇತ್ತು. ಹಾಸನ ಜಿಲ್ಲೆಯ ಹೆಣ್ಣುಮಕ್ಕಳಿಗೂ ಮಂಡ್ಯ ಜಿಲ್ಲೆಯ ಹೆಣ್ಣುಮಕ್ಕಳಿಗೂ ನುಗ್ಗೇಹಳ್ಳಿ ಕೆರೆ ಪಕ್ಕದ ಬಯಲಿನಲ್ಲಿ ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಪಂದ್ಯ, ಜನ ಸೇರಿಸುವುದು ನಿನ್ನ ಜವಾಬ್ದಾರಿ ಎಂದಿರಿ. ಒಪ್ಪಿಕೊಂಡೆ. ಎರಡು ಗಂಟೆ ಎಂಬ ಹೊತ್ತನ್ನು ಮೆಚ್ಚಿಯೂ ಬಿಟ್ಟೆ. ನಮ್ಮ ಕಡೆ ಹೆಂಗಸರಿಗೆ ಬೆಳಗಿನ ಕೆಲಸ ಮುಗಿದು ಊಟವಾದ ಮೇಲೆ, ಸಂಜೆ ಹಸು ಕರೆದು ಡೇರಿಗೆ ಹಾಲು ಹಾಕುವುದರೊಳಗೆ, ಇರುವುದೇ ಅಷ್ಟು ಪುರುಸೊತ್ತು. ಇದನ್ನು ತಿಳಿದ ಮಹಾನುಭಾವರೊಬ್ಬರು ಸಮಿತಿಯಲ್ಲಿದ್ದಾರಲ್ಲ ಎಂದು ಬಗೆದೆ. ಆಮೇಲೆ ಗೊತ್ತಾಯಿತು, ಅದು ಆಟದ ಹೊತ್ತಲ್ಲ, ವೇದಿಕೆ ಕಾರ್ಯಕ್ರಮದ ಹೊತ್ತು.

ಪ್ರಚಾರಕ್ಕಾಗಿ ತಾವು ಕಟ್ಟಿಸಿದ ಫ್ಲೆಕ್ಸನ್ನು ಹೊಗಳದೆ ಮುಂದೆ ಹೋದರೆ ತಪ್ಪಾದೀತು. ಸಮಿತಿಯ ಸಕಲರ ಮುಖಗಳೂ, ಸಕಲರಿಗೆ ಶುಭ ಕೋರುವವರ ಮುಖಗಳೂ, ಶುಭ ಕೋರುವವರ ಅಭಿಮಾನಿ ಬಳಗದವರ ಮುಖಗಳೂ ಅದರಲ್ಲಿದ್ದವು. ಆಡುವ ಒಬ್ಬ ಹುಡುಗಿಯ ಮುಖವೂ ಇರಲಿಲ್ಲ. ತಾರೀಕು ಹಾಕಿದ್ದ ಮೂಲೆ ಲೈಟುಕಂಬದ ಹಿಂದಕ್ಕೆ ಹೋಗಿತ್ತು. ನಮ್ಮ ಮಹಿಳಾ ಸಂಘದ ದೊಡ್ಡತಾಯಮ್ಮ ಅದರ ಮುಂದೆ ನಿಂತು, ಒಂದೊಂದೇ ಮುಖ ನೋಡಿ, "ಇಷ್ಟ್ ಜನಾನೂ ಚಡ್ಡಿ ಆಕ್ಕೊಂಡು ಕಬಡ್ಡಿ ಆಡ್ತಾರೇನಣ್ಣ? ಅಂಗಾದ್ರೆ ಕೆಲ್ಸ ಬುಟ್ಟಾದ್ರೂ ಬತ್ತೀನಿ ಕಣಣ್ಣ" ಎಂದಳು. ಇಲ್ಲ ಕಣವ್ವ, ಆಡೋದು ನಮ್ಮ ಹೆಣ್ಣೈಕ್ಳು ಎಂದೆ. "ಅದುನ್ ಮೊದ್ಲು ಯೋಳ್ಬಾರ್ದಾ? ಸಂಘದೋರ್ನೆಲ್ಲ ಕರ್ಕಂಡೇ ಬತ್ತೀನಿ" ಎಂದಳು, ಕರೆದುಕೊಂಡೂ ಬಂದಳು. ಹೀಗಾಗಿ ತಮ್ಮ ಫ್ಲೆಕ್ಸಿನಿಂದ ಜನ ಬರಲಿಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಮಾನ್ಯರೇ, ಆ ಮಧ್ಯಾಹ್ನ ಬಯಲು ತುಂಬಿತ್ತು. ತೆಂಗಿನಕಾಯಿ ಸುಲಿಯುವವರು ಮಚ್ಚು ಕೆಳಗಿಟ್ಟು ಬಂದಿದ್ದರು. ಚನ್ನರಾಯಪಟ್ಟಣದಿಂದ ಬಂದ ಬಸ್ಸಿನಿಂದ ನನಗೆ ಗುರುತೇ ಇಲ್ಲದ ಜನ ಇಳಿದರು. ಆದರೆ ಅಂಕಣದ ಪಕ್ಕದಲ್ಲಿ ಸಾಲಾಗಿ ಹಾಕಿಸಿದ್ದ ಕುರ್ಚಿಗಳಿಗೆ ತಾವು ಟೇಪು ಸುತ್ತಿಸಿ 'ಗಣ್ಯರಿಗೆ ಮಾತ್ರ' ಎಂದು ಚೀಟಿ ಅಂಟಿಸಿದ್ದಿರಿ. ನಮ್ಮವರು ಓದು ಬಲ್ಲವರು, ಕೂರಲಿಲ್ಲ. ಕೆರೆ ಏರಿ ಮೇಲೆ, ಟ್ರ್ಯಾಕ್ಟರ್ ಟ್ರೈಲರಿನಲ್ಲಿ, ಕಾಂಪೌಂಡಿನ ಮೇಲೆ ಕಾಲು ಇಳಿಬಿಟ್ಟುಕೊಂಡು, ಹೆಂಗಸರು ಸೆರಗು ಹೊದ್ದು ನೆಲದ ಮೇಲೆ ಕೂತರು. ನೆಲದ ಮೇಲೆ ಕೂತವರು ಪ್ರೇಕ್ಷಕರ ಲೆಕ್ಕಕ್ಕೆ ಬರುವುದಿಲ್ಲವೆಂಬ ನಿಯಮ ತಮ್ಮ ಸಮಿತಿಗಿದ್ದದ್ದು ನನಗೆ ಆಗ ತಿಳಿದಿರಲಿಲ್ಲ.

ಇನ್ನು ಆ ಕುರ್ಚಿಗಳು ಖಾಲಿಯಾದ ಪವಾಡ. ನಿರೂಪಣೆಗೆಂದು ತಾವು ಹಾಸನದಿಂದ ಕರೆತಂದ ಗೌರೀಶ ಎಂಬವರು ಮೈಕು ಹಿಡಿದರು. ಒಬ್ಬರನ್ನು ವೇದಿಕೆಗೆ ಕರೆದು ಪಕ್ಕದವರನ್ನು ಬಿಟ್ಟರೆ ನಮ್ಮ ಕಡೆ ಆ ಮುನಿಸು ಮಕ್ಕಳ ಕಾಲಕ್ಕೂ ಆರುವುದಿಲ್ಲ. ಅದು ಗೊತ್ತಿದ್ದ ಗೌರೀಶರು ಕುರ್ಚಿಯಲ್ಲಿದ್ದ ಪ್ರತಿಯೊಬ್ಬ ಗಣ್ಯರನ್ನೂ ಹೆಸರು ಹಿಡಿದು ಮೇಲಕ್ಕೆ ಕರೆದರು. ಕರೆದು ಮುಗಿದ ಮೇಲೆ, ಯಾರ ಹೆಸರಾದರೂ ಬಿಟ್ಟುಹೋಗಿದ್ದರೆ ಅನ್ಯಥಾ ಭಾವಿಸದೆ ತಾವಾಗಿಯೇ ಬಂದು ವೇದಿಕೆಯನ್ನು ಅಲಂಕರಿಸಬೇಕು ಎಂದರು. ಉಳಿದವರೂ ಅಲಂಕರಿಸಿದರು. ಟೀ ಲೋಟ ವಾಪಸು ತರಲು ಹತ್ತಿದ ಹೋಟೆಲಿನವನ ತಲೆಗೂ ಪೇಟ ಬಿತ್ತು. ವೇದಿಕೆ ಕಿರ್ರೆನ್ನತೊಡಗಿದಾಗ ಶಾಮಿಯಾನದವನು ಓಡಿಬಂದು ಕೆಳಗೆ ಕಲ್ಲು ಕೊಟ್ಟ. ಕೊನೆಗೆ ಸಂಚಾಲಕನಾದ ನನ್ನನ್ನೂ, ನಾನು ಆಟ ನೋಡಬೇಕು ಬಿಡ್ರಪ್ಪ ಎಂದು ಗೋಗರೆದರೂ, ರಟ್ಟೆ ಹಿಡಿದು ಎಳೆದು, ಶಾಲು ಹೊದಿಸಿ ಹಿಂದಿನ ಸಾಲಿಗೆ ಸೇರಿಸಿದರು. ಕೆಳಗಿದ್ದ ಕುರ್ಚಿಗಳಲ್ಲಿ ಆಮೇಲೆ ಒಂದು ನಾಯಿ ಬಿಟ್ಟರೆ ಯಾರೂ ಇರಲಿಲ್ಲ. ಅದನ್ನೂ ಗೌರೀಶರು ಯಾಕೆ ಕರೆಯಲಿಲ್ಲವೋ ಕಾಣೆ. ಬಾಲ ಆಡಿಸುತ್ತ ಅದು ಕಾದೇ ಇತ್ತು.

ಭಾಷಣಗಳ ಗುಣಮಟ್ಟದ ಬಗ್ಗೆ ನಾನು ಎರಡು ಮಾತಾಡುವಷ್ಟು ಓದಿದವನಲ್ಲ. ಚಕ್ರವ್ಯೂಹಕ್ಕೆ ನುಗ್ಗಿದ ಅಭಿಮನ್ಯುವೇ ಮೊದಲನೇ ರೈಡರು ಎಂದು ಒಬ್ಬರು ಹೇಳಿದರು. ಅದನ್ನೇ ಇನ್ನಿಬ್ಬರೂ ಹೇಳಿದರು. ಹಾಗೆ ನೋಡಿದರೆ ಆತ ವಾಪಸು ಬರಲಿಲ್ಲ, ಔಟು. ಗ್ರಾಮೀಣ ಕ್ರೀಡೆಗೆ ಜನ ಸೇರಬೇಕು, ಊರ ಹೆಣ್ಣುಮಕ್ಕಳನ್ನು ಊರವರೇ ಹುರಿದುಂಬಿಸಬೇಕು ಎಂದು ತಾವೇ ಸ್ವತಃ ಬಹಳ ಚೆನ್ನಾಗಿ, ಬಹಳ ಹೊತ್ತು ಮಾತಾಡಿದಿರಿ. ಅಷ್ಟು ಹೊತ್ತೂ ಮೈ ಬಿಸಿ ಮಾಡಿಕೊಂಡು ನಿಂತಿದ್ದ ಎರಡೂ ಜಿಲ್ಲೆಯ ಹುಡುಗಿಯರು ಬಿಸಿಲಲ್ಲಿ ಕೂತು, ಎದ್ದು, ಮತ್ತೆ ಮೈ ಬಿಸಿ ಮಾಡಿ, ಮತ್ತೆ ಕೂತರು.

ಬಿಸಿಲು ಇಳಿಯಿತು. ದೊಡ್ಡತಾಯಮ್ಮ ಎದ್ದು ಸೀರೆ ಕೊಡವಿಕೊಂಡಳು. ವೇದಿಕೆಯ ಪಕ್ಕಕ್ಕೆ ಬಂದು, ಶಾಲಿನಲ್ಲಿ ಸಿಕ್ಕಿಕೊಂಡಿದ್ದ ನನಗೆ, "ಅಣ್ಣ, ಅಸ ಕೂಗ್ತಾವೆ. ಇವರ್ ಬಾಯಿ ಮುಚ್ಚೋವತ್ಗೆ ಅವುಗಳ ಕೆಚ್ಚಲು ಒಡ್ದೋಯ್ತದೆ. ಮಗೀಗೆ ಯೋಳು, ಬೇಜಾರ್ ಮಾಡ್ಕಬ್ಯಾಡ ಅಂತ" ಎಂದು ಹೇಳಿ ಹೊರಟಳು. ಅವಳ ಹಿಂದೆ ಸಂಘದವರು ಹೊರಟರು. ಹೆಂಗಸರ ಹಿಂದೆ ಕ್ಯಾನು ಹೊರುವ ಗಂಡಸರು ಹೊರಟರು. ಕೊನೆ ಬಸ್ಸು ಹಾರನ್ ಹೊಡೆಯಿತು, ಉಳಿದವರು ಅತ್ತ ಓಡಿದರು. ಪೊಲೀಸರಿಲ್ಲದೆ, ಮಳೆಯಿಲ್ಲದೆ, ಹೆಜ್ಜೇನು ಏಳದೆ, ತುಂಬಿದ ಬಯಲನ್ನು ಬರೀ ಬಾಯಿಂದ ಖಾಲಿ ಮಾಡಿಸುವ ವಿದ್ಯೆಯನ್ನು ನನ್ನ ಆಯುಸ್ಸಿನಲ್ಲಿ ಬೇರೆಲ್ಲೂ ಕಂಡಿಲ್ಲ, ತಮಗೆ ಅಭಿನಂದನೆಗಳು.

ಸೀಟಿ ಊದಿದ್ದು ಆಮೇಲೆ. ಆಟ ನಡೆಯುತ್ತಿದ್ದರೂ ಗೌರೀಶರ ವಂದನಾರ್ಪಣೆ ಮುಗಿದಿರಲಿಲ್ಲ. ನನ್ನ ಮೊಮ್ಮಗಳು ಕಬಡ್ಡಿ ಕಬಡ್ಡಿ ಎನ್ನುತ್ತ ಎದುರಾಳಿ ಅಂಕಣಕ್ಕೆ ನುಗ್ಗಿದಾಗ ಮೈಕಿನಲ್ಲಿ ಶಾಮಿಯಾನದವರಿಗೂ ಕುಡಿಯುವ ನೀರು ಒದಗಿಸಿದವರಿಗೂ ಧನ್ಯವಾದ ಕೇಳಿಸುತ್ತಿತ್ತು. ನನ್ನ ಮುಂದೆ ಎರಡು ಮೈಸೂರು ಪೇಟಗಳಿದ್ದವು. ಅವುಗಳ ಸಂದಿಯಲ್ಲಿ ಅವಳ ಜಡೆ ಒಮ್ಮೆ ಹಾರಿದ್ದು ಕಂಡಿತು, ಅಷ್ಟೇ. ಆ ಒಂದೇ ರೈಡಿನಲ್ಲಿ ಮಂಡ್ಯದ ಮೂವರನ್ನು ಮುಟ್ಟಿ ಬಂದಳಂತೆ. ಅಂತೆ ಎಂದು ಬರೆಯಬೇಕಾಗಿದೆ ನೋಡಿ, ಅಲ್ಲೇ ಇದ್ದವನು. ಗೆದ್ದದ್ದೂ ನಮ್ಮವರೇ. ಚಪ್ಪಾಳೆ ಹೊಡೆಯಲು ಸೋತ ಮಂಡ್ಯದ ಹುಡುಗಿಯರಿದ್ದರು, ಹೊಡೆದರು.

ಆಗ ತಮ್ಮ ಫೋಟೋದವನು ವೇದಿಕೆಯ ಮೇಲೆ ನಿಂತು ಖಾಲಿ ಕುರ್ಚಿಗಳ ಚಿತ್ರ ತೆಗೆದ. ಅದೇ ಚಿತ್ರವನ್ನು ನೋಟೀಸಿಗೆ ಲಗತ್ತಿಸಿ, ಜನರೇ ಬಾರದ ಕಾರಣ ಮುಂದಿನ ಸಾಲಿನಿಂದ ಜಿಲ್ಲೆಯ ಹೆಣ್ಣುಮಕ್ಕಳ ತಂಡವನ್ನು ಕೈಬಿಡಲು ಚಿಂತಿಸಲಾಗಿದೆ ಎಂದು ಬರೆದಿದ್ದೀರಿ.

ಚಿಂತಿಸಿ, ಬೇಡ ಎನ್ನುವುದಿಲ್ಲ. ಆದರೆ ತಾವು ಚಿಂತಿಸುತ್ತಿರುವ ವಿಷಯ ಹಿರೀಸಾವೆಗೆ ಆಗಲೇ ತಲುಪಿದೆ. ತಂಡದ ನಾಯಕಿ ಧನಲಕ್ಷ್ಮಿ ಅಲ್ಲಿಯವಳು. ದಿನಾ ಮೊದಲ ಬಸ್ಸು ಹತ್ತಿ ನಮ್ಮ ಬಯಲಿಗೆ ಅಭ್ಯಾಸಕ್ಕೆ ಬರುತ್ತಿದ್ದಳು. ಮಗಳು ಜಿಲ್ಲೆಗೆ ಆಡುತ್ತಾಳೆ ಎಂಬ ಒಂದು ಮಾತಿನ ಬಲದ ಮೇಲೆ ಅವಳಪ್ಪ ಸಿದ್ದೇಶ ನೆಂಟರಿಷ್ಟರ ಬಾಯಿ ಮುಚ್ಚಿಸಿಕೊಂಡು ಬಂದಿದ್ದ. ಮೊನ್ನೆ ನಾನೇ ಹೋಗಿ ಮಾತಾಡಿಸಿದೆ. ತಲೆ ತಗ್ಗಿಸಿ, "ತಂಡನೇ ಇಲ್ಲ ಅಂದ್ಮೇಲೆ ಏನಂತ ಕಳ್ಸಾನ ಯೋಳಿ ದ್ಯಾವಣ್ಣ? ಯಾರ್ಗಂತ ಉತ್ತರ ಕೊಡಾನ? ಮನೇಲೇ ಇರ್ಲಿ ಬುಡಿ" ಎಂದ. ಹುಡುಗಿ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದಳು, ಹೊರಗೆ ಬರಲಿಲ್ಲ. ಅರಕಲಗೂಡಿನಿಂದ ಬರುವ ಹುಡುಗಿಯ ಮನೆಯಲ್ಲೂ ಹೊಳೆನರಸೀಪುರದವಳ ಮನೆಯಲ್ಲೂ ಇದೇ ಮಾತು ನಡೆಯುತ್ತಿದೆ ಎಂದು ತೇಜಶ್ರೀ ಹೇಳುತ್ತಾಳೆ. ತಮಗೆ ಅದು ಸಭೆಯಲ್ಲಿ ಒಂದು ಠರಾವು, ಅವರಿಗೆ ದಾಟಲಾಗದ ಹೊಸ್ತಿಲು.

ಆದಕಾರಣ ಸಮಜಾಯಿಷಿಯನ್ನು ಹೀಗೆ ದಯಪಾಲಿಸುತ್ತೇನೆ. ಪ್ರೇಕ್ಷಕರು ಬಂದಿದ್ದರು, ತಾವು ಕಳಿಸಿದಿರಿ. ಇದು ಒಪ್ಪಿಗೆಯಾಗದಿದ್ದರೆ ತಪ್ಪೆಲ್ಲ ಹಸುಗಳದ್ದು. ಸನ್ಮಾನ ಮುಗಿಯುವವರೆಗೆ ಕೆಚ್ಚಲು ಬಿಗಿಹಿಡಿದು ಕಾಯುವ ಸೌಜನ್ಯ ಅವಕ್ಕಿಲ್ಲ. ನಮ್ಮೂರ ಅಷ್ಟೂ ಹಸುಗಳಿಗೆ ತಾವು ನೋಟೀಸು ಜಾರಿ ಮಾಡಿ, ಸ್ವಗೊರಸಿನ ಗುರುತಿನೊಂದಿಗೆ ವಿವರಣೆ ತರಿಸಿಕೊಳ್ಳಬೇಕಾಗಿ ಕೋರುತ್ತೇನೆ. ಅವಕ್ಕೆ ಕಿವಿಯಲ್ಲಿ ಟ್ಯಾಗು ಇದೆ, ಸಂಚಾಲಕರನ್ನಾಗಿ ನೇಮಿಸಿಕೊಳ್ಳಲು ಅಡ್ಡಿಯಿಲ್ಲ.

ಇನ್ನೊಂದು ವಿನಂತಿ. ಭಾಷಣವನ್ನು ಬಿಡಿ ಎಂದು ತಮ್ಮಂಥವರಿಗೆ ಹೇಳುವಷ್ಟು ಕಟುಕ ನಾನಲ್ಲ. ಆದರೆ ಅದನ್ನೂ ಕಬಡ್ಡಿಯ ನಿಯಮಕ್ಕೆ ಒಳಪಡಿಸಿ. ನಾವು ಆಡುತ್ತಿದ್ದ ಕಾಲದಂತೆ ಒಂದೇ ಉಸಿರು. ಮಾನ್ಯರು ಮೈಕಿನ ಮುಂದೆ ಬಂದು ಉಸಿರು ಹಿಡಿದು ಮಾತು ಶುರುಮಾಡಲಿ. ಉಸಿರು ಕಡಿಯಿತೋ, ಔಟು. ಇಳಿದು ನೆಲದ ಮೇಲೆ ಕೂರಬೇಕು. ಕಡಿದ ಮೇಲೂ ಮುಂದುವರಿಸಿದರೆ ಕಾಲು ಹಿಡಿದೆಳೆಯಲು ದೊಡ್ಡತಾಯಮ್ಮನ ಸಂಘದವರು ವೇದಿಕೆಯ ಎರಡೂ ಮೂಲೆಯಲ್ಲಿ ನಿಂತಿರುತ್ತಾರೆ. ಇದಕ್ಕೆ ಜನ ಸೇರದಿದ್ದರೆ ನನ್ನ ಮೀಸೆ ಬೋಳಿಸಿ. ಮೊದಲನೇ ರೈಡಿಗೆ ಅಧ್ಯಕ್ಷರಾದ ತಾವೇ ಹೋಗತಕ್ಕದ್ದು.

ಇಷ್ಟೆಲ್ಲ ಆಗದಿದ್ದರೂ ಚಿಂತೆಯಿಲ್ಲ. ಡಿಸೆಂಬರ್ ಎರಡನೇ ಭಾನುವಾರ ಎರಡು ಗಂಟೆಗೆ ಅದೇ ಬಯಲಿನಲ್ಲಿ ನಮ್ಮ ಹುಡುಗಿಯರು ತುಮಕೂರಿನ ಹುಡುಗಿಯರ ಜೊತೆ ಆಡುತ್ತಾರೆ. ತೇಜಶ್ರೀ ಅವರೊಂದಿಗೆ ಫೋನಿನಲ್ಲಿ ಮಾತಾಡಿ ಆಗಿದೆ. ಡೇರಿಯಲ್ಲಿ ಎರಡು ಹೊತ್ತೂ ಸಾರುವುದು ದೊಡ್ಡತಾಯಮ್ಮನ ಪಾಲು. ಎರಡು ಗಂಟೆಗೆ ಸೀಟಿ, ಹಾಲಿನ ಹೊತ್ತಿಗೆ ಎಲ್ಲರೂ ಮನೆ. ತಾವು ಕುಟುಂಬ ಸಮೇತರಾಗಿ ಬರಬೇಕು. ವೇದಿಕೆ ಇರುವುದಿಲ್ಲ, ಕುರ್ಚಿ ಇರುವುದಿಲ್ಲ, ಆದ್ದರಿಂದ ಖಾಲಿ ಕುರ್ಚಿಯ ಫೋಟೋ ತೆಗೆಯಲೂ ಅನುಕೂಲವಿಲ್ಲ, ಕ್ಷಮಿಸಬೇಕು. ಕೂರಲು ಚೀಲ ಕೊಡುತ್ತೇವೆ. ನಾನು ಮುಂದಿನ ಸಾಲಿನಲ್ಲಿ, ನೆಲದ ಮೇಲೆ, ಪೇಟಗಳಿಲ್ಲದ ಕಡೆ ಕೂತಿರುತ್ತೇನೆ.

ಆದರೆ ಜನ ಸೇರಿಸುವುದು ನಮ್ಮ ಕೈಯಲ್ಲಿದೆ, 'ಜಿಲ್ಲೆ' ಎಂಬ ಹೆಸರು ತಮ್ಮ ಕೈಯಲ್ಲಿದೆ. ಅದು ಜೆರ್ಸಿಯ ಮೇಲಿಲ್ಲದಿದ್ದರೆ ಸಿದ್ದೇಶ ಮಗಳನ್ನು ಬಸ್ಸು ಹತ್ತಿಸುವುದಿಲ್ಲ. ಹೆಣ್ಣುಮಕ್ಕಳ ತಂಡ ಉಳಿಯುತ್ತದೆ ಎಂದು ಒಂದು ಸಾಲು ಬರೆದು, ಕೆಳಗೆ ರುಜು ಹಾಕಿ. ಎಲ್ಲಿ ಹಾಕಬೇಕೆಂದು ಬೇಕಾದರೆ ನಾನು ಬೆರಳಿಟ್ಟು ತೋರಿಸುತ್ತೇನೆ.

ಇಷ್ಟಾದರೂ ತಮ್ಮ ಮೇಲೆ ಚೂರು ನಂಬಿಕೆ ಉಳಿಸಿಕೊಂಡಿರುವ
ತಮ್ಮ ವಿಶ್ವಾಸಿ,
ದ್ಯಾವಯ್ಯ
(ಟ್ಯಾಗು ಈಗ ಹಸುವಿನ ಗೂಟದಲ್ಲಿದೆ)

ತಾ.ಕ.: ಸನ್ಮಾನದ ಶಾಲನ್ನು ಈ ಕಾಗದದ ಜೊತೆಗೇ ಮರಳಿಸಬೇಕೆಂದಿದ್ದೆ, ಆಗುತ್ತಿಲ್ಲ. ಕೊನೆಯ ಹಿಡಿತದಲ್ಲಿ ಧನಲಕ್ಷ್ಮಿಯ ಮಂಡಿ ಕಿತ್ತುಹೋಗಿತ್ತು. ಅಷ್ಟೂ ಗಣ್ಯರಿಗೆ ಶಾಲು ಹಾರ ತಂದಿದ್ದ ಸಮಿತಿ ಒಂದು ತುಂಡು ಬ್ಯಾಂಡೇಜು ತಂದಿರಲಿಲ್ಲ. ಶಾಲನ್ನು ಹರಿದು ಕಟ್ಟಿದೆವು. ನೇಯ್ಗೆ ಚೆನ್ನಾಗಿತ್ತು, ರಕ್ತ ನಿಂತಿತು. ಆ ಮಂಡಿ ಈಗ ವಾಸಿಯಾಗಿದೆ, ಆಟಕ್ಕೆ ಸಿದ್ಧವಿದೆ, ಹಿರೀಸಾವೆಯಲ್ಲಿ ಬಾಗಿಲ ಒಳಗೆ ಮಡಚಿಕೊಂಡು ಕೂತಿದೆ.

ನವೆಂಬರ್ ಇಪ್ಪತ್ತೈದರೊಳಗೆ ನನಗೆ ಉತ್ತರ ಬೇಕು. ಸ್ವಹಸ್ತಾಕ್ಷರದಲ್ಲಿ.